ಚಾಲಿ ಬಣ್ಣವೋ, ಚಾ ಬಣ್ಣವೋ

ಆರಿದ್ರಾ ಮಳೆ ಹಿಡಿದು ಮೂರು ದಿನವಾಗಿತ್ತು. ತೋಟಕ್ಕೆ ಇಳಿಯೋ ಹಾಗಿಲ್ಲ, ಮನೆಯಲ್ಲಿ ಕೂತರೆ ಬೈಗುಳ. ಬೆಳಿಗ್ಗೆ ಹತ್ತಕ್ಕೇ ನಾವೆಲ್ಲ ರಾಮಣ್ಣನ ಹೋಟ್ಲು ಬೆಂಚಿಗೆ ಅಂಟಿಕೊಂಡಿದ್ದೆವು. ಸೀನ ಕಂಬಳಿಕೊಪ್ಪೆಯೊಳಗಿಂದ ಅಡಿಕೆ ಹಾಳೆಯ ಕೊಟ್ಟೆ ತೆಗೆದು ಮೇಜಿನ ಮೇಲಿಟ್ಟ. ದರಗಿನ ಮೇಲೆ ನಾಲ್ಕು ಮೊಟ್ಟೆ.

"ಗಿನಿಕೋಳೀದು," ಅಂದ, ಮಗಳ ರ‍್ಯಾಂಕು ಹೇಳುವ ಗತ್ತಿನಲ್ಲಿ.

"ಎಂತ ಬಣ್ಣ ಮಾರಾಯ ಇದು?" ಅಂತ ನಾನು ಕೇಳಿದ್ದೇ ತಪ್ಪಾಯಿತು.

ಮಂಡಿ ವ್ಯಾಪಾರದ ಮಂಜಪ್ಪ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಅಭ್ಯಾಸಬಲದಿಂದ ಮೂಸಿಯೂ ನೋಡಿದ. "ಚಾಲಿ. ಆಗಷ್ಟೇ ಸುಲಿದ ಚಾಲಿ ಅಡಿಕೆ."

"ಚಾಲಿ ಅಲ್ಲ, ಚಾ," ಅಂದ ರಾಮಣ್ಣ. "ಹಾಲು ಕೈತಪ್ಪಿ ಜಾಸ್ತಿ ಬಿದ್ದ ಚಾ."

"ನಿನ್ನ ಹೋಟ್ಲಲ್ಲಿ ಹಾಲು ಯಾವತ್ತು ಕೈತಪ್ಪಿದೆಯೋ?"

ನಿವೃತ್ತ ವಿಜ್ಞಾನ ಮೇಷ್ಟ್ರು ಕನ್ನಡಕ ಏರಿಸಿದರು. ಇನ್ನು ಮಳೆ ನಿಂತರೂ ನಾವು ಏಳುವಂತಿಲ್ಲ. "ತಿಳಿಗಂದು. ಮೇಲೆ ಸೂಜಿಮೊನೆಯಷ್ಟು ಕಡುಗಂದು ಚುಕ್ಕೆ. ಹಕ್ಕಿ ಮೊಟ್ಟೆಗಳ ಬಣ್ಣವೆಲ್ಲ ಮುಖ್ಯವಾಗಿ ಎರಡೇ ವಸ್ತುವಿನ ಆಟ ಕಣ್ರೋ. ಕಂದಿಗೆ ಪ್ರೊಟೊಪಾರ್ಫಿರಿನ್, ನೀಲಿ ಹಸಿರಿಗೆ ಬಿಲಿವರ್ಡಿನ್. ಪೆಟ್ಟು ಬಿದ್ದ ಜಾಗ ಕೆಲವು ದಿನ ಬಿಟ್ಟು ಹಸಿರಾಗುತ್ತಲ್ಲ, ಆ ಬಿಲಿವರ್ಡಿನ್ನೇ."

"ಪೇಂಟಿನ ಅಂಗಡೀಲಿ ಸಾವಿರ ಬಣ್ಣದ ಪುಸ್ತಕ ತೋರಿಸ್ತಾರೆ. ದೇವ್ರು ಎರಡೇ ಡಬ್ಬದಲ್ಲಿ ಮುಗಿಸಿದ್ನಾ?" ಮಂಜಪ್ಪನಿಗೆ ದೇವರ ಈ ಉಳಿತಾಯ ಬಹಳ ಹಿಡಿಸಿತು.

ನನಗೆ ಬಣ್ಣಕ್ಕಿಂತ ಆಕಾರ ವಿಚಿತ್ರ ಕಂಡಿತು. ಕೋಳಿಮೊಟ್ಟೆಗಿಂತ ಚಿಕ್ಕದು, ನಲವತ್ತು ಗ್ರಾಂ ಚಿಲ್ಲರೆ ತೂಗೀತು. ಒಂದು ತುದಿ ಬುಗುರಿಯಂತೆ ಚೂಪು. ಮೇಜಿನ ಮೇಲೆ ಉರುಳಿಸಿದರೆ ನೆಟ್ಟಗೆ ಹೋಗದೆ ಅರ್ಧಸುತ್ತು ಹಾಕಿ ಸೀನನ ಕಡೆಗೇ ತಿರುಗಿತು. ಯಜಮಾನನ ಗುರುತು ಹಿಡೀತು ಅಂತ ರಾಮಣ್ಣ ಷರಾ ಬರೆದ.

"ಕೋಳಿ ಮೈಯೆಲ್ಲ ಬಿಳಿ ಚುಕ್ಕೆ, ಮೊಟ್ಟೆಗೆ ಮಾತ್ರ ಕಂದು ಚುಕ್ಕೆ. ಇದೆಂತ ನ್ಯಾಯ?"

"ನಿನ್ನ ಹೆಂಡ್ತಿ ರೇಷ್ಮೆ ಸೀರೆ ಉಡ್ತಾಳೆ ಅಂತ ಮಕ್ಕಳು ಜರಿ ಅಂಚು ಹಾಕ್ಕೊಂಡೇ ಹುಟ್ಟಿದ್ವಾ?" ಮೇಷ್ಟ್ರು ಕೇಳಿದರು. ಉತ್ತರಪ್ರದೇಶದ ಇಜ್ಜತ್‌ನಗರದ ಸರ್ಕಾರಿ ಪಕ್ಷಿ ಸಂಶೋಧನಾ ಸಂಸ್ಥೆಯವರು ಈ ಕೋಳಿಯ ತಳಿಗಳಿಗೆ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಅಂತ ಹೆಸರಿಟ್ಟಿದ್ದಾರಂತ ಬೇರೆ ಹೇಳಿದರು. ಮೂಲ ಆಫ್ರಿಕಾದ ಕೋಳಿ, ಹೆಸರು ನೋಡಿದರೆ ಸಂಜೆ ಧಾರಾವಾಹಿಯ ಮೂರು ಸೊಸೆಯರು.

ಸೀನ ಇವನ್ನು ತಂದದ್ದು ಮೊಟ್ಟೆಗಲ್ಲ, ಉಣುಗು ತಿನ್ನಲಿ ಅಂತ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಇಲ್ಲಿಯವರಿಗೆ ಉಣುಗು ಅಂದರೆ ಹುಲಿಗಿಂತ ಹೆದರಿಕೆ. ಗಿನಿಕೋಳಿ ಉಣುಗು ಹೆಕ್ಕಿ ತಿನ್ನುವುದು ನಿಜ. ಆದರೆ ಸೀನನ ಏಳು ಕೋಳಿ ಅವನ ಹಿತ್ತಲಿಗೇ ಸಾಲದು. ಕಾಡಿನ ಉಣುಗು ಮುಗಿಸಬೇಕಾದರೆ ಕಾಡೇ ಕೋಳಿ ಸಾಕಬೇಕು.

"ಗೂಡಿಗೆ ಬಂದು ಮೊಟ್ಟೆ ಇಡೋ ಜಾತಿ ಅಲ್ಲ ಮಾರಾಯ," ಸೀನ ಗೋಳು ತೋಡಿಕೊಂಡ. "ಹದಿನೈದು ದಿನ ಹಿಂದೆ ಬಿದ್ದು ಹುಡುಕಿದೀನಿ. ಕೊನೆಗೆ ತೋಟದಲ್ಲಿ ಸೊಪ್ಪಿನ ರಾಶಿ ಕೆಳಗೆ ಇಪ್ಪತ್ಮೂರು ಸಿಕ್ತು. ಮೂರು ಹ್ಯಾಟೆಗೂ ಜಂಟಿ ಖಾತೆ! ಅಮ್ಮ ನೋಡಿ ಹಾವಿನ ಮೊಟ್ಟೆ, ನಾಗಪ್ಪನಿಗೆ ಹಾಲು ಹಾಕು ಅಂದ್ರು."

"ಹಾವಿನದ್ದು ಮೆತ್ತಗೆ ಚರ್ಮದ ಥರ ಇರುತ್ತೆ," ಅಂದರು ಮೇಷ್ಟ್ರು. "ಇದು ಕಲ್ಲು."

"ಹ್ಯಾಟೆ ಯಾವುದು ಹುಂಜ ಯಾವುದು ಅಂತ ಹೆಂಗೆ ಗೊತ್ತಾತು? ಎರಡೂ ಒಂದೇ ಥರ ಕಾಣ್ತಾವೆ."

"ಕೂಗಿನಲ್ಲಿ. ಹುಂಜ ಒಂದೇ ಅಕ್ಷರ ಕಿರುಚುತ್ತೆ. ಎರಡಕ್ಷರ ಕೂಗೋದು ಹ್ಯಾಟೆ ಮಾತ್ರ. ಬಂದ್ರಾ, ಬಂದ್ರಾ ಅಂದ ಹಂಗೆ."

"ಬಂದ್ರಾ ಅಲ್ಲ, ಬಾಕಿ, ಬಾಕಿ ಅಂತ ಕೂಗೋದು. ನಾನೇ ಕೇಳಿದೀನಿ," ಅಂದ ಮಂಜಪ್ಪ. ರಾಮಣ್ಣ ಥಟ್ಟನೆ ಸಾಲದ ಪುಸ್ತಕ ತೆಗೆದ. ಮಂಜಪ್ಪ ಮಳೆ ನೋಡತೊಡಗಿದ.

ಹತ್ತು ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ಕಾವಿಗೆ ಇಟ್ಟಿದ್ದಾನಂತೆ. ಪಾಪ, ಅದಕ್ಕೆ ಗೊತ್ತಿರುವುದು 21 ದಿನದ ಲೆಕ್ಕ. ಗಿನಿಕೋಳಿ ಮರಿಗೆ 26ರಿಂದ 28 ದಿನ ಬೇಕು. ಕೊನೆಯ ವಾರ ಅದು ಏನೆಂದುಕೊಂಡು ಕೂತಿರುತ್ತದೋ!

ಅಷ್ಟರಲ್ಲಿ ರಾಮಣ್ಣ, "ಹೊರಗಿನ ಬಣ್ಣ ಸಾಕು, ಒಳಗಿಂದು ನೋಡುವ. ಆಮ್ಲೆಟ್ ಮಾಡ್ತೀನಿ," ಅಂತ ಒಂದು ಮೊಟ್ಟೆ ತೆಗೆದುಕೊಂಡು ಚಾ ಲೋಟದ ಅಂಚಿಗೆ ಕುಟ್ಟಿದ. ಏನೂ ಆಗಲಿಲ್ಲ. ಇನ್ನೊಂದು ಸಲ ಜೋರಾಗಿ ಕುಟ್ಟಿದ. ಟಣ್ ಅಂತು. ಗಾಜಿನ ಲೋಟದ ಅಂಚು ಚಕ್ಕೆ ಎದ್ದು ಮೇಷ್ಟ್ರ ವಡೆಯ ತಟ್ಟೆಗೆ ಬಿತ್ತು. ಮೊಟ್ಟೆ ಹಾಗೇ ಇತ್ತು.

"ಲೋಟದ ದುಡ್ಡು ಯಾರು ಕೊಡ್ತೀರಿ?" ಅಂದ ರಾಮಣ್ಣ.

"ಕುಟ್ಟಿದ್ದು ನೀನು," ಅಂದ ಸೀನ.

"ಮೊಟ್ಟೆ ನಿಂದು."

ಮಂಜಪ್ಪ ಲೋಟದ ಚಕ್ಕೆಯನ್ನು ಎತ್ತಿ ಬೆಳಕಿಗೆ ಹಿಡಿದ. "ಮೊದಲು ವಡೆಗೆ ಯಾರು ಕೊಡ್ತಾರೆ ಹೇಳಿ. ಮೇಷ್ಟ್ರು ಇನ್ನು ಅದನ್ನ ತಿನ್ನಲ್ಲ."