ಉದ್ಯಾನದ ಜಾಗದ ದಾವೆ: ಪುರಸಭೆ ಹೊರಗಿನ ವಕೀಲರನ್ನು ಹೇಗೆ ಆರಿಸಬೇಕು?

ಪ್ರಶ್ನೆ: ಪುರಸಭೆ ಸದಸ್ಯೆ

ನಮ್ಮದು ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ ಬರುವ ಒಂದು ಪುರಸಭೆ. ನಾನು ಮೊದಲ ಸಲ ಆಯ್ಕೆಯಾದವಳು, ಕಾನೂನು ಓದಿದವಳಲ್ಲ. ನನ್ನ ವಾರ್ಡಿನಲ್ಲಿ 1990ರ ದಶಕದಲ್ಲಿ ಅನುಮೋದನೆಗೊಂಡ ಖಾಸಗಿ ಬಡಾವಣೆಯೊಂದಿದೆ. ಅದರ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿರುವ 18 ಗುಂಟೆ ಜಾಗವನ್ನು ಬಡಾವಣೆ ಮಾಡಿದವರ ಮಕ್ಕಳು ಈಗ ತಮ್ಮದೆಂದು ಹೇಳುತ್ತಿದ್ದಾರೆ. ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಲು ಅವರು ಕೇಳಿದ ಪರವಾನಗಿಯನ್ನು ಪುರಸಭೆ ನಿರಾಕರಿಸಿತು. ಅದಾದ ಮೇಲೆ ಅವರು, ಉದ್ಯಾನದ ಜಾಗವನ್ನು ತಮ್ಮ ತಂದೆ ನೋಂದಾಯಿತ ಪತ್ರದ ಮೂಲಕ ಪುರಸಭೆಗೆ ಬಿಟ್ಟುಕೊಟ್ಟೇ ಇಲ್ಲವೆಂದು ಹೇಳಿ, ನಮ್ಮ ವಿರುದ್ಧ ಶಾಶ್ವತ ತಡೆಯಾಜ್ಞೆ ಕೋರಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದಾರೆ. ಸಮನ್ಸ್ ಬಂದು ಇಂದಿಗೆ ಹನ್ನೊಂದು ದಿನ.

ನಮ್ಮ ಪ್ಯಾನಲ್ ವಕೀಲರು ಕೆಲವು ವರ್ಷಗಳ ಹಿಂದೆ ಇದೇ ಕುಟುಂಬಕ್ಕೆ ಇದೇ ಬಡಾವಣೆಯ ನಿವೇಶನಗಳ ಖರೀದಿ ಪತ್ರಗಳನ್ನು ಬರೆದುಕೊಟ್ಟಿದ್ದರು. ಅದನ್ನು ಅವರೇ ಮುಚ್ಚುಮರೆಯಿಲ್ಲದೆ ತಿಳಿಸಿದ್ದಾರೆ. ಹಾಗಾಗಿ ಹೊರಗಿನ ವಕೀಲರನ್ನು ನೇಮಿಸುವ ವಿಷಯ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಕೆಲವು ಸದಸ್ಯರು ಬೆಂಗಳೂರಿನ ಹಿರಿಯ ವಕೀಲರನ್ನೇ ಕರೆತರಬೇಕೆನ್ನುತ್ತಾರೆ, ಇನ್ನು ಕೆಲವರು ಕೊಟೇಶನ್ ಕರೆದು ಯಾರ ಶುಲ್ಕ ಕಡಿಮೆಯೋ ಅವರಿಗೆ ಕೊಡಬೇಕೆನ್ನುತ್ತಾರೆ. ಪುರಸಭೆಯ ಹಣ ಜನರ ತೆರಿಗೆಯ ಹಣ, ಆ ಜಾಗವೂ ಜನರದ್ದೇ. ಎರಡನ್ನೂ ಕಳೆದುಕೊಳ್ಳಬಾರದೆಂಬ ಕಾಳಜಿಯಿಂದ ಕೇಳುತ್ತಿದ್ದೇನೆ. ಯಾವ ಆಧಾರದ ಮೇಲೆ ಆಯ್ಕೆ ಮಾಡಬೇಕು, ನಿರ್ಣಯದಲ್ಲಿ ಏನೇನು ಬರೆಯಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮುಖ್ಯಾಧಿಕಾರಿ

ಮೇಡಂ, ವಕೀಲರ ವಿಚಾರಕ್ಕಿಂತ ಮೊದಲು ಒಂದು ಮಾತು. ನಾಳೆ ಬೆಳಿಗ್ಗೆಯೇ ಕಚೇರಿಗೆ ಹೋಗಿ, ಆ ಬಡಾವಣೆಯ ಮೂಲ ಕಡತ ಎಲ್ಲಿದೆ ಎಂದು ಮುಖ್ಯಾಧಿಕಾರಿಗಳನ್ನು ಕೇಳಿ, ಅದನ್ನು ಕಣ್ಣಾರೆ ನೋಡಿ. ನಾನು ನಾಲ್ಕು ಪುರಸಭೆಗಳಲ್ಲಿ ಕೆಲಸ ಮಾಡಿದವನು. ಉದ್ಯಾನದ ಜಾಗಗಳನ್ನು ನಾವು ಕಳೆದುಕೊಂಡದ್ದು ವಾದ ಸರಿಯಾಗಿ ಮಂಡನೆಯಾಗದ ಕಾರಣಕ್ಕಿಂತ ಹೆಚ್ಚಾಗಿ ಕಾಗದ ಸಿಗದ ಕಾರಣಕ್ಕೆ.

ಒಂದು ಊರಿನ ನಕ್ಷೆ ನನಗೆ ಇನ್ನೂ ನೆನಪಿದೆ. ಅಮೋನಿಯಾ ಪ್ರಿಂಟಿನ ಹಾಳೆ, ಎಂಟು ಮಡಿಕೆಯಾಗಿ ಮಡಚಿ ದಾರದಿಂದ ಕಟ್ಟಿಟ್ಟದ್ದು. ಬಿಚ್ಚಿ ನೋಡಿದರೆ ಮಡಿಕೆ ಹರಿದಿದ್ದದ್ದು ಸರಿಯಾಗಿ ಉದ್ಯಾನದ ಗಡಿಗೆರೆಯ ಮೇಲೆಯೇ. ಅಳತೆಯ ಅಂಕಿಗಳು ಮಾಸಿ ಹೋಗಿದ್ದವು, ಮೊಹರಿನ ಅರ್ಧ ಭಾಗ ಮಾತ್ರ ಓದಲು ಬರುತ್ತಿತ್ತು. ನಗರ ಯೋಜನಾ ಕಚೇರಿಯಲ್ಲಿದ್ದ ಎರಡನೇ ಪ್ರತಿಯ ದೃಢೀಕೃತ ನಕಲು ಪಡೆಯುವಷ್ಟರಲ್ಲಿ ಮಧ್ಯಂತರ ಅರ್ಜಿಯ ಆದೇಶ ನಮ್ಮ ವಿರುದ್ಧ ಬಂದಾಗಿತ್ತು. ಆದ್ದರಿಂದ ಅನುಮೋದಿತ ನಕ್ಷೆ, ಅನುಮೋದನೆಯ ಷರತ್ತುಗಳ ಆದೇಶ, ಭೂಪರಿವರ್ತನೆ ಆದೇಶ, ಪರಿತ್ಯಾಜನ ಪತ್ರ (ಜಾಗವನ್ನು ಪುರಸಭೆಗೆ ಬಿಟ್ಟುಕೊಟ್ಟ ಪತ್ರ) ಇದ್ದರೆ ಅದು, ಪುರಸಭೆಯ ಆಸ್ತಿ ವಹಿಯ ಪುಟ, ಆ ಜಾಗಕ್ಕೆ ಬೇಲಿ, ಬೋರ್‌ವೆಲ್, ದೀಪ ಹಾಕಿದ ಬಿಲ್ಲುಗಳು, ಇವೆಲ್ಲವನ್ನೂ ಪುಟಸಂಖ್ಯೆ ಹಾಕಿಸಿ ಒಂದೆಡೆ ಸೇರಿಸಿರಿ. ಬೇಲಿಯ ಬಿಲ್ಲನ್ನು ಸಣ್ಣ ಕಾಗದವೆಂದು ಬಿಡಬೇಡಿ, ಸ್ವಾಧೀನ ಯಾರದ್ದೆಂದು ತೋರಿಸುವುದು ಅದೇ.

ಇನ್ನು ಗಡುವು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ಸಮನ್ಸ್ ಜಾರಿಯಾದ 30 ದಿನಗಳೊಳಗೆ ಲಿಖಿತ ಹೇಳಿಕೆ, ಅಂದರೆ ನಮ್ಮ ಕಡೆಯವರು ಕೈಫಿಯತ್ತು ಎನ್ನುವುದು, ಸಲ್ಲಿಕೆಯಾಗಬೇಕು. ಕಾರಣ ತೋರಿಸಿದರೆ ನ್ಯಾಯಾಲಯ ಅದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ನಿಮ್ಮ ಹನ್ನೊಂದು ದಿನ ಈಗಾಗಲೇ ಹೋಗಿದೆ. ಸಾಮಾನ್ಯ ಸಭೆಯವರೆಗೆ ಕಾಯುವಂತಿಲ್ಲದಿದ್ದರೆ, ಅಧ್ಯಕ್ಷರ ಅನುಮತಿ ಪಡೆದು ಮುಖ್ಯಾಧಿಕಾರಿಗಳು ತಾತ್ಕಾಲಿಕವಾಗಿ ಒಬ್ಬ ವಕೀಲರಿಂದ ವಕಾಲತ್ತು ಹಾಕಿಸಿ, ನಂತರ ಸಭೆಯ ಘಟನೋತ್ತರ ಮಂಜೂರಾತಿ ಪಡೆಯಲಿ. ಆ ಮಂಜೂರಾತಿಯಲ್ಲಿ ತುರ್ತಿನ ಕಾರಣವನ್ನು ದಿನಾಂಕ ಸಮೇತ ಬರೆಯದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುವುದು ಖಚಿತ.

ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಆ ಪ್ಯಾನಲ್ ವಕೀಲರು ಸಜ್ಜನರೆಂದು ನಿಮ್ಮ ಬರಹದಿಂದಲೇ ತಿಳಿಯುತ್ತದೆ. ಊರಿನ ಪ್ರತಿ ಸರ್ವೆ ನಂಬರನ್ನೂ ಬಲ್ಲವರಿರಬೇಕು. ಎದುರು ಪಕ್ಷದವರು ಆಕ್ಷೇಪಿಸದಿದ್ದರೆ ಅವರನ್ನೇ ಮುಂದುವರಿಸಿ, ಹೈಕೋರ್ಟಿಗೆ ಹೋದಾಗ ಮಾತ್ರ ಹೊರಗಿನವರನ್ನು ನೋಡುವುದು ಮಿತವ್ಯಯದ ದಾರಿ.

ಉತ್ತರ 2: ಧಾರವಾಡದಲ್ಲಿ ವಕಾಲತ್ತು ಮಾಡುವವರು

ಮೇಲಿನ ಹಿರಿಯರ ಮಾತಿನಲ್ಲಿ ಕಡತದ ಬಗೆಗಿನದೆಲ್ಲವೂ ಚಿನ್ನದಂಥದ್ದು. ಆದರೆ ಕೊನೆಯ ಸಲಹೆಯನ್ನು ನಾನು ಒಪ್ಪಲಾರೆ. ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳಲ್ಲಿ 33ನೆಯದು, ಒಂದು ವಿಷಯದಲ್ಲಿ ಒಬ್ಬ ಕಕ್ಷಿದಾರರಿಗೆ ಸಲಹೆ ನೀಡಿದ ಅಥವಾ ದಾವೆಯ ಕರಡು ಬರೆದುಕೊಟ್ಟ ವಕೀಲರು ಅದೇ ವಿಷಯದಲ್ಲಿ ಎದುರು ಪಕ್ಷದ ಪರ ನಿಲ್ಲಬಾರದೆಂದು ಹೇಳುತ್ತದೆ. ಖರೀದಿ ಪತ್ರ ಬರೆದದ್ದು ಆ ನಿಯಮದ ಅಕ್ಷರಕ್ಕೆ ಸಿಗುತ್ತದೆಯೋ ಇಲ್ಲವೋ ಎಂದು ಎರಡು ಕಡೆಯೂ ವಾದಿಸಬಹುದು. ಆದರೆ ಅದೇ ಪತ್ರಗಳಲ್ಲಿ ಚೆಕ್ಕುಬಂದಿ, ಅಂದರೆ ನಿವೇಶನದ ನಾಲ್ಕು ದಿಕ್ಕಿನ ಗಡಿ, ಬರೆಯುವಾಗ 'ಪೂರ್ವಕ್ಕೆ ಉದ್ಯಾನ' ಎಂದಿದ್ದರೆ ಅದು ನಿಮ್ಮ ಅತ್ಯುತ್ತಮ ಸಾಕ್ಷ್ಯ, ಆಗ ಆ ವಕೀಲರು ಸಾಕ್ಷಿಯಾಗಬೇಕಾಗಿ ಬರಬಹುದು. ಸಾಕ್ಷಿಯಾಗಬೇಕಾದವರು ವಕೀಲರಾಗಿ ಮುಂದುವರಿಯಬಾರದು. ಅವರು ತಾವಾಗಿಯೇ ವಿಷಯ ತಿಳಿಸಿದ್ದಾರೆ. ಸಭೆ ಅವರಿಗೆ ಧನ್ಯವಾದ ಹೇಳಿ ಗೌರವದಿಂದ ಬಿಟ್ಟುಕೊಡುವುದು ಸರಿ. ಅಂದಹಾಗೆ, ಆ ಬಡಾವಣೆಯ ಎಲ್ಲ ಖರೀದಿ ಪತ್ರಗಳ ದೃಢೀಕೃತ ನಕಲುಗಳನ್ನು ಉಪನೋಂದಣಿ ಕಚೇರಿಯಿಂದ ಈ ವಾರವೇ ತರಿಸಿ.

ಬೆಂಗಳೂರಿನ ಹಿರಿಯ ವಕೀಲರ ವಿಚಾರ. 1961ರ ವಕೀಲರ ಅಧಿನಿಯಮದಂತೆ ನಿಯೋಜಿತರಾದ ಹಿರಿಯ ವಕೀಲರು ತಾವೇ ವಕಾಲತ್ತು ಹಾಕುವಂತಿಲ್ಲ, ಅವರೊಂದಿಗೆ ಇನ್ನೊಬ್ಬ ವಕೀಲರು ಇರಲೇಬೇಕು. ಅಂದರೆ ಎರಡು ಶುಲ್ಕ. ನಿಮ್ಮ ದಾವೆ ಇರುವುದು ತಾಲ್ಲೂಕಿನ ಸಿವಿಲ್ ನ್ಯಾಯಾಲಯದಲ್ಲಿ. ಅಲ್ಲಿ ಬೇಕಾದದ್ದು ಪ್ರತಿ ದಿನಾಂಕಕ್ಕೂ ಹಾಜರಿದ್ದು, ಸರ್ವೆಯರನ್ನು ಪಾಟೀಸವಾಲು ಮಾಡಬಲ್ಲವರು. ಮುಂದೆ ಪ್ರಕರಣ ಹೈಕೋರ್ಟಿಗೆ ಹೋದರೂ ಅದು ಧಾರವಾಡದಲ್ಲಿ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದ ಈ ಪೀಠದ ಮುಂದೆ ಭೂಬಳಕೆಯ ಪ್ರಕರಣಗಳನ್ನೇ ನಡೆಸುವ ವಕೀಲರು ಇಲ್ಲಿಯೇ ಇದ್ದಾರೆ. ಹಿರಿಯರ ಅಗತ್ಯ ಬಿದ್ದರೆ ಒಂದು ದಿನದ ವಾದಕ್ಕೆ ಆಗ ಕರೆಯಬಹುದು.

ಕಡಿಮೆ ಶುಲ್ಕದವರಿಗೆ ಕೊಡುವ ಪದ್ಧತಿ ಚರಂಡಿ ಕಾಮಗಾರಿಗೆ ಸರಿ. ವಕೀಲರು ಕೆಲಸ ಕೊಡಿರೆಂದು ಬಿನ್ನವಿಸುವುದನ್ನೇ ನಮ್ಮ ನಡತೆ ನಿಯಮಗಳು ತಡೆಯುತ್ತವೆ. ಹಾಗೆಂದು ಯಾರನ್ನಾದರೂ ಮನಸ್ಸಿಗೆ ಬಂದಂತೆ ನೇಮಿಸಬಹುದೆಂದೂ ಅಲ್ಲ. 2016ರಲ್ಲಿ ಪಂಜಾಬ್ ಸರ್ಕಾರ ಮತ್ತು ಬ್ರಿಜೇಶ್ವರ್ ಸಿಂಗ್ ಚಾಹಲ್ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಸರ್ಕಾರದ ಪರ ವಕೀಲರ ನೇಮಕ ನ್ಯಾಯಯುತವಾಗಿ, ಪಾರದರ್ಶಕವಾಗಿ, ಅರ್ಹತೆಯ ಮೇಲೆ ನಡೆಯಬೇಕು, ಏಕೆಂದರೆ ಖರ್ಚಾಗುವುದು ಸಾರ್ವಜನಿಕರ ಹಣ ಎಂಬರ್ಥದಲ್ಲಿ ಹೇಳಿತು. ಆ ತೀರ್ಪು ರಾಜ್ಯ ಸರ್ಕಾರಗಳ ಕಾನೂನು ಅಧಿಕಾರಿಗಳ ಬಗ್ಗೆ ಬಂದದ್ದಾದರೂ ಅದರ ತರ್ಕ ಪುರಸಭೆಗೂ ಹೊಂದುತ್ತದೆ. ಮೂರು ನಾಲ್ಕು ವಕೀಲರಿಗೆ ಪುರಸಭೆಯೇ ಪತ್ರ ಬರೆದು ಅಭಿಪ್ರಾಯ ಕೇಳಿ, ಒಬ್ಬರನ್ನು ಏಕೆ ಆರಿಸಿದಿರಿ ಎಂಬುದನ್ನು ನಡವಳಿಯಲ್ಲಿ ದಾಖಲಿಸಿದರೆ ಸಾಕು. ಗೆದ್ದರೆ ಇಷ್ಟು ಎಂಬ ಶುಲ್ಕಕ್ಕೆ ಒಪ್ಪುವ ವಕೀಲರು ಸಿಕ್ಕರೆ ದೂರವಿರಿ, ಅದು ನಮಗೆ ನಿಷಿದ್ಧ.

ಬಂದವರನ್ನು ಏನು ಕೇಳಬೇಕು? ನಾನಾಗಿದ್ದರೆ ಎರಡು ವಿಷಯ ಕೇಳುತ್ತಿದ್ದೆ. ಮೊದಲನೆಯದು, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 69ನೇ ಕಲಂ. ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್) ಉದ್ಯಾನಕ್ಕೆಂದು ಗುರುತಿಸಿದ ಖಾಸಗಿ ಜಮೀನನ್ನು ಐದು ವರ್ಷಗಳಲ್ಲಿ ಸ್ವಾಧೀನಕ್ಕೆ ತೆಗೆದುಕೊಳ್ಳದಿದ್ದರೆ ಆ ಗುರುತು ರದ್ದಾಗುತ್ತದೆಂದು ಎದುರಿನವರು ವಾದಿಸುವುದು ಬಹುತೇಕ ಖಚಿತ. ನಿಮ್ಮದು ಹಾಗೆ ಗುರುತಿಸಿದ ಜಮೀನಲ್ಲ. ಮಾಲೀಕರೇ ಬಡಾವಣೆಯ ಅನುಮೋದನೆ ಪಡೆಯಲು ತೆರವಾಗಿ ಬಿಟ್ಟ ಜಾಗ ಅದು, ಆ ನಕ್ಷೆ ತೋರಿಸಿಯೇ ಉಳಿದ ನಿವೇಶನಗಳನ್ನು ಮಾರಿದ್ದಾರೆ. ಈ ವ್ಯತ್ಯಾಸವನ್ನು ಹೇಳಿಕೊಡದೆ ತಾವೇ ಎತ್ತುವ ವಕೀಲರು ವಿಷಯ ಬಲ್ಲವರು. ಎರಡನೆಯದು, ನೋಂದಾಯಿತ ಪತ್ರವಿಲ್ಲದಿದ್ದರೆ ಏನು ವಾದಿಸುತ್ತೀರಿ ಎಂದು. 'ಜಾಗ ತಾನಾಗಿಯೇ ಪುರಸಭೆಯ ಮಾಲೀಕತ್ವಕ್ಕೆ ಬಂದಿದೆ' ಎಂದಷ್ಟೇ ಉತ್ತರಿಸಿದರೆ ಎಚ್ಚರ. ದೆಹಲಿ ಪಾಲಿಕೆಯ ವಿರುದ್ಧದ ಪಂಡಿತ್ ಚೇತ್ ರಾಮ್ ವಶಿಷ್ಠ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪಾಲಿಕೆಯ ಅಂಥ ಮಾಲೀಕತ್ವದ ವಾದವನ್ನು ಒಪ್ಪಲಿಲ್ಲ. ಆದರೆ ನಕ್ಷೆಯಲ್ಲಿ ತೆರವು ಜಾಗವೆಂದು ಬಿಟ್ಟದ್ದನ್ನು ಮಾಲೀಕರು ಸಾರ್ವಜನಿಕರ ಹಿತಕ್ಕಾಗಿ ಟ್ರಸ್ಟಿಯಂತೆ ಹಿಡಿದಿರುತ್ತಾರೆ, ಇಷ್ಟಬಂದಂತೆ ಮಾರುವಂತಿಲ್ಲ ಎಂಬ ತತ್ವವನ್ನೂ ಅದೇ ತೀರ್ಪು ಹೇಳಿತು. ನಿಮ್ಮ ಪ್ರಕರಣ ನಿಲ್ಲಬೇಕಾದದ್ದು ಈ ನೆಲೆಯ ಮೇಲೆ. ಜೊತೆಗೆ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ತೀರ್ಪು ಇದೆ: ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ನಮ್ಮ ಹೈಕೋರ್ಟ್ ರದ್ದುಪಡಿಸಿದ್ದು ಸರಿಯೆಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು, ಅಲ್ಲಿನ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಹೇಳಿತು.

ಕಾಲಮಿತಿಯನ್ನೂ ನೆನಪಿಡಿ. ಸಾರ್ವಜನಿಕ ರಸ್ತೆಯ ಸ್ವಾಧೀನ ಮರಳಿ ಪಡೆಯಲು ಸ್ಥಳೀಯ ಸಂಸ್ಥೆಗೆ 30 ವರ್ಷ ಅವಕಾಶವಿದೆ. ಉದ್ಯಾನಕ್ಕೆ ಆ ರಿಯಾಯಿತಿ ಇಲ್ಲ, ಸಾಮಾನ್ಯ 12 ವರ್ಷವೇ ಅನ್ವಯಿಸುತ್ತದೆ. ಯಾರಾದರೂ ಆ ಜಾಗದಲ್ಲಿ ಕಲ್ಲು ನೆಟ್ಟಿದ್ದರೆ ಯಾವಾಗ ನೆಟ್ಟರೆಂದು ಇಂದೇ ವಿಚಾರಿಸಿ.

ಉತ್ತರ 3: ಇನ್ನೊಂದು ಊರಿನ ಬಡಾವಣೆ ನಿವಾಸಿ

ವಕೀಲರೂ ಅಲ್ಲ, ಸದಸ್ಯನೂ ಅಲ್ಲ, ಉದ್ಯಾನದ ಎದುರಿನ ಮನೆಯವನು. ನಮ್ಮೂರಿನ ಇಂಥದ್ದೇ ದಾವೆಯಲ್ಲಿ ಪ್ರತಿ ಹೊಸ ಆಡಳಿತ ಮಂಡಳಿ ಬಂದಾಗಲೂ ವಕೀಲರು ಬದಲಾದರು. ಮೂರನೆಯವರಿಗೆ ಕಡತ ಕೊಟ್ಟಾಗ ಅದರಲ್ಲಿ ಎರಡನೆಯವರು ಸಲ್ಲಿಸಿದ್ದ ದಾಖಲೆಗಳ ಪಟ್ಟಿಯೇ ಇರಲಿಲ್ಲ. ದಾವೆ ಸೋತ ಮೇಲೆ ಮೇಲ್ಮನವಿಯ ಕಡತ ಟೇಬಲ್ಲಿನಿಂದ ಟೇಬಲ್ಲಿಗೆ ಸುತ್ತಿ, ಗಡುವು ಮೀರಿ ಎಂಟು ತಿಂಗಳಾಗಿತ್ತು. ವಿಳಂಬ ಮನ್ನಿಸಲು ಹಾಕಿದ ಅರ್ಜಿ ವಜಾ ಆಯಿತು. ಅಲ್ಲಿದ್ದ ಎರಡು ಹೊಂಗೆ ಮರಗಳನ್ನು ಕಡಿದ ದಿನ ನನ್ನ ತಾಯಿ ಬಾಗಿಲಿನಿಂದ ಆಚೆ ಬರಲಿಲ್ಲ. ಆಕೆ ಹದಿನೈದು ವರ್ಷ ಸಂಜೆ ಕುಳಿತದ್ದು ಆ ನೆರಳಿನಲ್ಲೇ.

ನನ್ನ ವಿನಂತಿ ಇಷ್ಟೇ. ಯಾರನ್ನು ನೇಮಿಸಿದರೂ ಪ್ರಕರಣ ಮುಗಿಯುವವರೆಗೆ ಅವರೇ ಇರುವಂತೆ ಬರೆಯಿರಿ, ಪುರಸಭೆಯ ಕಡೆಯಿಂದ ಒಬ್ಬ ಸಿಬ್ಬಂದಿಯನ್ನು ಹೆಸರು ಹಿಡಿದು ಹೊಣೆ ಮಾಡಿರಿ. ನಿವಾಸಿಗಳಿಗೂ ತಿಳಿಸಿರಿ, ನಾವೂ ಪಕ್ಷಗಾರರಾಗಿ ಸೇರಲು ಅರ್ಜಿ ಹಾಕಬಹುದಿತ್ತು ಎಂಬುದು ನಮಗೆ ತಿಳಿದಾಗ ತಡವಾಗಿತ್ತು.

ಉತ್ತರ 4: ನಿವೃತ್ತ ಮುಖ್ಯಾಧಿಕಾರಿ

ವಕೀಲರ ಮಾತು ಓದಿದ ಮೇಲೆ ನನ್ನ ಕೊನೆಯ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಚೆಕ್ಕುಬಂದಿಯ ವಿಚಾರ ನನಗೆ ಹೊಳೆದಿರಲಿಲ್ಲ. ವಿಳಂಬದ ಬಗ್ಗೆ ನಿವಾಸಿಗಳು ಹೇಳಿದ್ದು ಸತ್ಯ. 2012ರಲ್ಲಿ ಅಂಚೆ ಇಲಾಖೆಯ 427 ದಿನಗಳ ವಿಳಂಬವನ್ನು ಸರ್ವೋಚ್ಚ ನ್ಯಾಯಾಲಯ ಮನ್ನಿಸಲಿಲ್ಲ, ಕಡತ ಸಾಗುವುದು ನಿಧಾನವೆಂಬ ಸರ್ಕಾರಿ ಸಬೂಬು ನಡೆಯದೆಂದಿತು. ನಿರ್ಣಯದಲ್ಲಿ ಹಂತಹಂತದ ಶುಲ್ಕ, ಪ್ರತಿ ವಿಚಾರಣೆಯ ಮರುದಿನ ಲಿಖಿತ ವರದಿ, ಆದೇಶ ಬಂದ ಏಳು ದಿನಗಳಲ್ಲಿ ಮೇಲ್ಮನವಿಯ ಬಗ್ಗೆ ಅಭಿಪ್ರಾಯ, ಇವು ಇರಲಿ. ಸಭೆಯ ಪ್ರತ್ಯೇಕ ನಿರ್ಣಯವಿಲ್ಲದೆ ವಕೀಲರು ರಾಜಿಗಾಗಲಿ ಯಾವುದೇ ಒಪ್ಪಿಗೆಗಾಗಲಿ ಸಹಿ ಮಾಡಬಾರದೆಂಬ ಒಂದು ಸಾಲನ್ನು ತಪ್ಪದೆ ಸೇರಿಸಿರಿ. ಆ ಕುಟುಂಬದೊಂದಿಗೆ ವ್ಯವಹಾರವಿರುವ ಸದಸ್ಯರಿದ್ದರೆ ಅದನ್ನು ಸಭೆಯಲ್ಲಿ ಹೇಳಿ, ಈ ವಿಷಯದ ಚರ್ಚೆಯಿಂದ ಹೊರಗಿರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇಂದು ಕಚೇರಿಗೆ ಹೋಗಿದ್ದೆ. ನಕ್ಷೆ ಸಿಕ್ಕಿದೆ, ಉದ್ಯಾನದ ಅಳತೆ ಸ್ಪಷ್ಟವಾಗಿ ಓದಲು ಬರುತ್ತದೆ. ಪರಿತ್ಯಾಜನ ಪತ್ರ ಕಡತದಲ್ಲಿಲ್ಲ, ಆದರೆ ಅನುಮೋದನೆಯ ಆದೇಶದಲ್ಲಿ 'ಉದ್ಯಾನ ಮತ್ತು ರಸ್ತೆಗಳನ್ನು ಪುರಸಭೆಗೆ ಹಸ್ತಾಂತರಿಸತಕ್ಕದ್ದು' ಎಂಬ ಷರತ್ತು ಇದೆ. ಧಾರವಾಡದ ಮೂವರು ವಕೀಲರಿಗೆ ಮುಖ್ಯಾಧಿಕಾರಿಗಳು ನಾಳೆ ಪತ್ರ ಕಳುಹಿಸಲಿದ್ದಾರೆ. ಒಂದೇ ಒಂದು ಸಂದೇಹ ಉಳಿದಿದೆ. ದಾವೆಯಲ್ಲಿ ಯೋಜನಾ ಪ್ರಾಧಿಕಾರವೂ ಎರಡನೇ ಪ್ರತಿವಾದಿ. ಖರ್ಚು ಉಳಿಸಲು ಇಬ್ಬರಿಗೂ ಒಬ್ಬರೇ ವಕೀಲರು ಸಾಕೇ?

ಉತ್ತರ 5: ಧಾರವಾಡದಲ್ಲಿ ವಕಾಲತ್ತು ಮಾಡುವವರು

ಆ ಷರತ್ತಿನ ಪುಟದ ದೃಢೀಕೃತ ನಕಲನ್ನು ಮೂರು ಪತ್ರಗಳ ಜೊತೆಗೂ ಲಗತ್ತಿಸಿರಿ. ಯೋಜನಾ ಪ್ರಾಧಿಕಾರದವರು ಭೂಬಳಕೆ ಬದಲಾವಣೆಗೆ ಎಂದಾದರೂ ಆ ಕುಟುಂಬಕ್ಕೆ ಅನುಕೂಲಕರ ಪತ್ರ ಬರೆದಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಬರೆದಿದ್ದರೆ ಇಬ್ಬರ ನಿಲುವು ಬೇರೆಬೇರೆ, ವಕೀಲರೂ ಬೇರೆಯೇ ಬೇಕು. ಬರೆದಿಲ್ಲವೆಂದಾದರೆ ಒಬ್ಬರೇ ಸಾಕು, ಆದರೆ ಎರಡೂ ಸಂಸ್ಥೆಗಳ ಕಂಡಿಕೆವಾರು ಉತ್ತರಗಳನ್ನು ಲಿಖಿತ ಹೇಳಿಕೆ ಸಲ್ಲಿಸುವ ಮೊದಲು ಅಕ್ಕಪಕ್ಕ ಇಟ್ಟು ಓದಿ.