ಇಟಲಿ ಪ್ರವಾಸಕ್ಕೆ ಮುನ್ನ ಗಮನಿಸಬೇಕಾದ ಸಂಗತಿಗಳು

ಪ್ರಶ್ನೆ: ಬರುವ ಜುಲೈನಲ್ಲಿ ವಯಸ್ಸಾದ ತಂದೆತಾಯಿಯರೊಡನೆ ರೋಮ್ ಮತ್ತು ಫ್ಲಾರೆನ್ಸ್ ನಗರಗಳಿಗೆ ಹೊರಟಿದ್ದೇನೆ. ಟಿಕೆಟ್, ಉಡುಪು ಮತ್ತು ಊಟದ ರೀತಿನೀತಿಗಳ ಬಗ್ಗೆ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಸಂತ ಪೀಟರ್ ಬೆಸಿಲಿಕಾದಲ್ಲಿ ಭುಜ ಮತ್ತು ಮೊಣಕಾಲುಗಳನ್ನು ಮುಚ್ಚುವ ಉಡುಪಿಲ್ಲದವರನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಬಿಸಿಲು ಎಷ್ಟೇ ಇರಲಿ, ತೆಳುವಾದ ಶಾಲೊಂದು ಕೈಚೀಲದಲ್ಲಿರಲಿ. ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರವನ್ನು ಬಿಟ್ಟರೆ ಉಳಿದ ಭಾನುವಾರಗಳಂದು ಮುಚ್ಚಿರುತ್ತವೆ. ಫ್ಲಾರೆನ್ಸಿನ ಉಫೀತ್ಸಿ ಕಲಾಸಂಗ್ರಹಾಲಯಕ್ಕೆ ಸೋಮವಾರ ರಜೆ. ಕೊಲೋಸಿಯಂ ಟಿಕೆಟ್ಟಿನಲ್ಲಿ ಪ್ರವಾಸಿಗರ ಹೆಸರು ನಮೂದಾಗಿರುತ್ತದೆ, ಆದ್ದರಿಂದ ಪಾಸ್‌ಪೋರ್ಟ್ ಜೊತೆಗಿರಬೇಕು.

ಉತ್ತರ 2: ಹಿರಿಯರು ಜೊತೆಗಿರುವುದರಿಂದ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದಣಿದವರು ಸಹಜವಾಗಿಯೇ ಮೆಟ್ಟಿಲ ಮೇಲೆ ಕೂರುತ್ತಾರೆ, ಆದರೆ ರೋಮಿನ ಸ್ಪ್ಯಾನಿಷ್ ಸ್ಟೆಪ್ಸ್ ಮೇಲೆ ಕೂರುವುದನ್ನು 2019ರಿಂದ ನಿಷೇಧಿಸಲಾಗಿದ್ದು, ಕೂತವರಿಗೆ ದಂಡ ಬೀಳಬಹುದು. ವಿಶ್ರಾಂತಿಗೆ ಉದ್ಯಾನಗಳನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ. ಬೀದಿಬೀದಿಯಲ್ಲಿರುವ ‘ನಾಸೋನಿ’ ಎಂಬ ನಲ್ಲಿಗಳ ನೀರು ಶುದ್ಧವಾಗಿದ್ದು ಉಚಿತವಾಗಿ ಸಿಗುತ್ತದೆ, ಖಾಲಿ ಬಾಟಲಿಯೊಂದಿದ್ದರೆ ಸಾಕು. ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ, ಹತ್ತುವ ಮುನ್ನ ಪ್ಲಾಟ್‌ಫಾರಂ ಬಳಿಯ ಯಂತ್ರದಲ್ಲಿ ಮುದ್ರೆ ಹಾಕಿಸುವುದನ್ನು ಮರೆಯಬೇಡಿ.

ಉತ್ತರ 3: ಊಟದ ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲಾ ಲೆಕ್ಕದಲ್ಲಿ ಸೇರಿಸುವ ಸಣ್ಣ ಮೊತ್ತವು ಮೇಜಿನ ಶುಲ್ಕವೇ ಹೊರತು ಮೋಸವಲ್ಲ, ಟಿಪ್ಸ್ ಕಡ್ಡಾಯವಲ್ಲ. ನೀವಾಗಿ ಕೇಳುವವರೆಗೆ ಬಿಲ್ಲು ತರದಿರುವುದು ಅಲ್ಲಿನ ಸೌಜನ್ಯ, ಅದನ್ನು ಉದಾಸೀನವೆಂದು ಭಾವಿಸಬಾರದು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ‘ಬೊಂಜೋರ್ನೊ’ ಎಂದು ನಮಸ್ಕರಿಸಿ ಮಾತು ಆರಂಭಿಸುವುದನ್ನು ತಂದೆತಾಯಿಯರಿಗೂ ಹೇಳಿಕೊಡಿ. ಕಾಫಿಯನ್ನು ಕೌಂಟರಿನ ಬಳಿ ನಿಂತು ಕುಡಿದರೆ ಸಾಮಾನ್ಯವಾಗಿ ಬೆಲೆ ಕಡಿಮೆ, ಆದರೆ ಹಿರಿಯರಿಗೆ ಕುರ್ಚಿ ಸಿಗುವುದಾದರೆ ಹೆಚ್ಚಿನ ಹಣ ಕೊಡುವುದೇ ಸರಿ.