ಸಹಾಯ ಬೇಕು: ಅಜ್ಜಿಯ ಬಗ್ಗೆ ಬರೆಯುವಾಗ ಯಾವ ಪದ ಬಳಸಲಿ?

ಎಲ್ಲರಿಗೂ ನಮಸ್ಕಾರ. ಅಜ್ಜಿಯ ವರ್ಷದ ತಿಥಿಗೆ ನಂಟರಿಗೆಲ್ಲ ಹಂಚಲು ಒಂದು ಪುಟ್ಟ ನೆನಪಿನ ಪುಸ್ತಕ ಮಾಡುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ.

‘ನಿಧನರಾದರು’ ಅಂದರೆ ಪೇಪರ್ ಸುದ್ದಿ ಓದಿದ ಹಾಗಿದೆ. ‘ವಿಧಿವಶರಾದರು’ ಶ್ರದ್ಧಾಂಜಲಿ ಬ್ಯಾನರಿನ ಮಾತು. 2019ರಲ್ಲಿ ಸಿದ್ಧಗಂಗಾ ಶ್ರೀಗಳಿಗೆ ‘ಲಿಂಗೈಕ್ಯರಾದರು’ ಎಂದು ಬರೆದದ್ದು ಎಷ್ಟು ಸರಿಯಾಗಿ ಕೂತಿತ್ತು ಅಲ್ವಾ? ನಮ್ಮಜ್ಜಿಗೆ ಅದು ಒಗ್ಗುವುದಿಲ್ಲ. ‘ತೀರಿಕೊಂಡರು’ ಮೆತ್ತಗಿದೆ. ‘ಹೋಗಿಬಿಟ್ಟಳು’ ಎಂದಾಗ ಮಾತ್ರ ನನ್ನ ಸಂಕಟ ಸಾಲಿಗೆ ಬರುತ್ತದೆ. ಆ ‘ಬಿಟ್ಟಳು’ ಇಲ್ಲದಿದ್ದರೆ ಸುಮ್ನೆ ಊರಿಗೆ ಹೋದ ಹಾಗೆ.

ಇನ್ನೂ ದೊಡ್ಡ ತೊಡಕು ಏಕವಚನದ್ದು. ನನ್ನ ಒಂದು ಸಾಲು ನೋಡಿ: “ಒಲೆ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು, ಯಾರಾದರೂ ಸಾಕು ಅಂದರೆ ಬೈಯುತ್ತಿದ್ದಳು.” ಅಚ್ಚಿನಲ್ಲಿ ಹೀಗೆ ಬಂದರೆ ಮರ್ಯಾದೆ ಇರಲ್ಲ ಅಂತಾರೆ ಸೋದರಮಾವ. ‘ಬೈಯುತ್ತಿದ್ದರು’ ಎಂದು ತಿದ್ದಿದರೆ ಯಾರೋ ಹೆಡ್‌ಮೇಡಂ ಬಂದು ನಿಂತ ಹಾಗಾಗುತ್ತದೆ.

ಮನೆಯವರ ಬಗ್ಗೆ ಬರೆದವರು ಇದನ್ನು ಹೇಗೆ ನಿಭಾಯಿಸಿದ್ದೀರಿ? ಸಾವಿನ ಸಾಲಿಗೆ ಬಹುವಚನ, ನೆನಪುಗಳಿಗೆ ಏಕವಚನ ಇಟ್ಟರೆ ಓದುವವರಿಗೆ ಕಿರಿಕಿರಿ ಆಗುತ್ತದೆಯೇ? ನೀವು ಬರೆದ ಒಂದೆರಡು ಸಾಲು ಹಾಕಿದರೂ ತುಂಬಾ ಉಪಕಾರ. ಮುಂದಿನ ವಾರ ಪ್ರೆಸ್ಸಿಗೆ ಕೊಡಬೇಕು.